ನಮ್ಮ ಖಾಲಾನ ಮರ್ಯಾದಸ್ಥ ಮೊಣಕಾಲು

ನೆಲದಿಂದ ಏಳುವಾಗ ಖಾಲಾನ ಎಡ ಮೊಣಕಾಲು ಒಣ ಕಡ್ಡಿ ಮುರಿದಂತೆ ಲಟಕ್ಕನೆ ಸದ್ದು ಮಾಡುತ್ತಿತ್ತು. ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಗೋಡೆಗೆ ಅಂಗೈ ಊರಿ, ಅರ್ಧ ಎದ್ದು, ಹಾಗೇ ಬಗ್ಗಿ ನಿಂತುಬಿಡುತ್ತಿದ್ದರು. ಹುಕ್ಕೇರಿಯಲ್ಲಿ ನಮ್ಮ ಗೋಡೆಗೆ ಹೊಂದಿದ ಮನೆ ಅವರದು; ಖಾಲಾ ಅಂದರೆ ಚಿಕ್ಕಮ್ಮ, ನಾನು ಕರೆಯುತ್ತಿದ್ದುದೇ ಹಾಗೆ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವುದು ಅವರ ಕಸುಬು. ಅದು ಮೇಜಿನ ಮೇಲೆ ಆಗುವ ಕೆಲಸವಲ್ಲ. ನೆಲಕ್ಕೆ ಹಾಸಿ, ಕುಳಿತಲ್ಲೇ ಸರಿಯುತ್ತ ಹೊಲಿಯಬೇಕು. ಮೊಣಕಾಲು ಹೋದರೆ ಕಸುಬೂ ಹೋದಂತೆ.

ನನ್ನ ಕಸುಬು ಚಿಂತೆ ಮಾಡುವುದು. ಪಗಾರವಿಲ್ಲ, ರಜೆಯೂ ಇಲ್ಲ. ಗೋಕಾಕದ ಆಸ್ಪತ್ರೆಯೊಂದರಲ್ಲಿ ಸವೆದ ಮೊಣಕಾಲ ಕೀಲಿಗೆ ಕೊಡುವ ಸೂಜಿಮದ್ದಿನ ಪರೀಕ್ಷೆ ನಡೆಯುತ್ತಿದೆ ಎಂದು ಕೇಳಿದಾಗ, ಸೂಜಿ ಒಳಗೇ ಮುರಿದರೆ ಎಂದು ಮೊದಲು ಹೆದರಿದೆ, ದಾರಿಯಲ್ಲಿ ಬಸ್ಸು ಕೆಟ್ಟರೆ ಎಂದು ಆಮೇಲೆ ಹೆದರಿದೆ, ಕೊನೆಗೆ ಅವರನ್ನು ಕರೆದುಕೊಂಡು ಹೋದೆ.

ಹರೆಯದ ಡಾಕ್ಟರು ಬಿಡಿಸಿ ಹೇಳಿದರು. ಕೆಲವರಿಗೆ ಔಷಧಿ, ಕೆಲವರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ಅವರಿಗೂ ಗೊತ್ತಿಲ್ಲ. ಆಗಾಗ ಬಂದು, ಸೊನ್ನೆಯಿಂದ ಹತ್ತರವರೆಗೆ ನೋವು ಎಷ್ಟೆಂದು ಹೇಳಬೇಕು.

"ಉಪ್ಪನೀರ ಹಾಕಿಸ್ಕೊಂಡವರೂ ಸ್ವಲ್ಪ ದಿನ ಆರಾಮ ಅಂತಾರ್ರಿ. ಔಷಧಿ ಖರೇನ ಎಷ್ಟ ಕೆಲಸ ಮಾಡತೈತಿ ತಿಳೀಬೇಕಂದ್ರ, ನೀವು ಇದ್ದದ್ದ ಇದ್ದಂಗ ಹೇಳಬೇಕು."

"ಹೇಳೂಣಲ್ಲ ಸಾಹೇಬ್ರ" ಎಂದರು ಖಾಲಾ.

ಸೂಜಿಯಾದ ಮೇಲೆ ಏನು ಸಂಭ್ರಮ! ಖಾಲಾ ಗೋಡೆ ಹಿಡಿಯದೆ ಎದ್ದರು, ಸಂತೆಗೆ ನಡೆದೇ ಹೋಗಿಬಂದರು. ನಾನು ಓಣಿಯಲ್ಲೆಲ್ಲ ಸಾರಿದೆ. ಕೆಲವು ವಾರ ಕಳೆಯಿತು. ಒಂದು ಬೆಳಿಗ್ಗೆ ಗೋಡೆಯಾಚೆಯಿಂದ ಮತ್ತೆ ಲಟಕ್ ಎಂದಿತು.

ಮುಂದಿನ ಸಲ ಗೋಕಾಕಕ್ಕೆ ಹೋಗುವಾಗ ಕಂಡಕ್ಟರೂ ನಾನೂ ಸೇರಿ ಅವರನ್ನು ಬಸ್ಸಿಗೆ ಹತ್ತಿಸಿದ್ದೆವು. ಡಾಕ್ಟರು ನೋವು ಎಷ್ಟೆಂದು ಕೇಳಿದರು.

"ಎರಡ ಬರ್ಕೋರಿ. ಭಾಳ ಆರಾಮ ಐತಿ."

ಹೊರಗೆ ಬಂದದ್ದೇ ತಡ, ನಾನು ಹಾರಿಬಿದ್ದೆ. "ಖಾಲಾ, ಏನಂತ ಹೇಳಿ ಬಂದ್ರಿ?"

"ಮತ್ತೇನನ್ಲಿ? ಅಷ್ಟು ಪ್ರೀತಿಲೆ ಸೂಜಿ ಮಾಡ್ಯಾನ. ಒಬ್ಬರ ಮನ್ಯಾಗ ಉಂಡು, ನಿಮ್ಮ ಸಾರು ಸಪ್ಪಗ ಐತಿ ಅಂತಾರೇನು? ಪಾಪ, ಮಾರಿ ಸಣ್ಣದು ಮಾಡ್ತಾನ."

ಬಾಜೂಕ್ಕೆ ವಿಭೂತಿ ಹಚ್ಚಿದ, ಮೂಡಲಗಿ ಕಡೆಯ ರೈತ ಹೆಂಗಸೊಬ್ಬರು ಕುಳಿತಿದ್ದರು. ಅವರೂ ಅದೇ ಪರೀಕ್ಷೆಗೆ ಬಂದವರು. ಕಿಸಕ್ಕನೆ ನಕ್ಕರು.

"ನಂದು ಉಲ್ಟಾರಿ. ನನಗ ಖರೇನ ಆರಾಮ ಆಗೇತಿ, ಹೊಲಕ್ಕ ನಡಕೊಂಡ ಹೊಂಟೇನಿ. ಆದ್ರ ಒಳಗ ಒಂಬತ್ತ ಅಂದು ಬಂದೆ."

"ಯಾಕ್ರೀ?"

"ಚಲೋ ಆಗೇತಿ ಅಂತ ಬಾಯಿಬಿಟ್ಟು ಅಂದ್ರ ದೃಷ್ಟಿ ಆಗತೈತ್ರಿ. ಅದೂ ಅಷ್ಟು ಮಂದಿ ಮುಂದ!"

ನಾನು ತಲೆ ಹಿಡಿದುಕೊಂಡೆ. ಒಬ್ಬರಿಗೆ ಮರ್ಯಾದೆ, ಇನ್ನೊಬ್ಬರಿಗೆ ದೃಷ್ಟಿಯ ಭಯ. ನಡುವೆ ಔಷಧಿ ಯಾವುದು, ಉಪ್ಪುನೀರು ಯಾವುದು ಎಂದು ಆ ಹುಡುಗ ಹೇಗೆ ತಿಳಿಯಬೇಕು? ಜಗತ್ತಿನ ಅಷ್ಟೂ ಮೊಣಕಾಲುಗಳ ಚಿಂತೆ ಒಮ್ಮೆಲೇ ನನ್ನ ಮೇಲೆ ಬಿತ್ತು. ಅದಕ್ಕಿಂತ ದೊಡ್ಡದು ಖಾಲಾನ ಚಿಂತೆ: ಎರಡು ಎಂದವರಿಗೆ ಬೇರೆ ಉಪಾಯ ಯಾರು ಹುಡುಕುತ್ತಾರೆ?

"ಖಾಲಾ, ಕೌದಿ ಮುಗಿದ ಮ್ಯಾಲ ಗಿರಾಕಿನ್ನ ಅದರ ಮ್ಯಾಲ ಮಲಗಿಸಿ, ಎಲ್ಲಿ ಒತ್ತತೈತಿ ಅಂತ ಕೇಳ್ತೀರಲ್ಲ. ಸುಮ್ಮ ಚಲೋ ಐತಿ ಅಂದವರಿಗೆ ಯಾಕ ಬೈತೀರಿ?"

"ಗಂಟು ಎಲ್ಲೈತಿ ಹೇಳದಿದ್ರ ನಾ ಹೆಂಗ ಬಿಚ್ಚಬೇಕು?" ಎಂದು ಗದರಿದರು. ಡಾಕ್ಟರ ಬಾಗಿಲನ್ನೇ ನೋಡಿದರು. ಆಮೇಲೆ ಮೂಡಲಗಿಯವರ ಮುಂಗೈ ಹಿಡಿದು ಎಳೆದರು. "ಏಳವ್ವಾ, ಇಬ್ಬರೂ ಹೋಗೂಣು."

ಬಾಗಿಲಾಚೆಯಿಂದ ಕೇಳಿಸಿತು: "ಎರಡಲ್ರಿ ಸಾಹೇಬ್ರ, ಏಳು. ಮೊದಲ ಆರಾಮಿತ್ತು, ಈಗ ನೋವು ಹೊಳ್ಳಿ ಬಂದೈತಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

"ನಂದು ಮೂರು ಬರ್ಕೋರಿ. ಆದ್ರ ಜೋರಾಗಿ ಓದಬ್ಯಾಡ್ರಿ!"

ಡಾಕ್ಟರು ಮಾರಿ ಸಣ್ಣದು ಮಾಡಲಿಲ್ಲ. ಎದ್ದು ನಿಂತು ನಕ್ಕರು. ಇಂಥ ಸೂಜಿಯ ಆರಾಮ ಬಹಳ ಜನರಿಗೆ ಕೆಲವೇ ವಾರದ್ದು ಎಂದರು. ತೊಡೆಗೆ ಬಲ ತರುವ ವ್ಯಾಯಾಮ ಕಲಿಸಿದರು. ಅದನ್ನು ಬಿಡದೆ ಮಾಡಿದ ಖಾಲಾ, ಮಳೆಗಾಲ ಮುಗಿಯುವ ಹೊತ್ತಿಗೆ ಕಾಲು ಚಾಚಿ ಕೌದಿಗೆ ಕುಳಿತರು. ನೋವು ಪೂರ್ತಿ ಹೋಗಲಿಲ್ಲ. ಸೂಜಿ ಓಡಿತು.

ಆ ದಿನ ಗೋಕಾಕದಿಂದ ತಿರುಗಿ ಬರುವಾಗ ಖಾಲಾನಿಗೆ ಖರೆ ಹೇಳುವ ಹುರುಪು ಹತ್ತಿಬಿಟ್ಟಿತ್ತು. ಬಸ್ಸು ಹೊಡೆಯುವವನಿಗೆ ಹೊಡೆಯಲು ಬರುವುದಿಲ್ಲ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀ ಮಾಡೂ ಚಹಾ ಐತೆಲ್ಲ ಬೇಟಾ, ಅದು ಮುಸರಿ ನೀರು."

"ಇಷ್ಟು ವರ್ಷ ಕುಡದ್ರಲ್ಲ ಖಾಲಾ! ಚಲೋ ಆಗೇತಿ ಅಂತಿದ್ರಿ!"

"ಏಳು ಅಂದಮ್ಯಾಲ ಇನ್ನೇನು ಮುಚ್ಚೂದು?"

ಖಾಲಾ ಹೋದ ವರ್ಷ ತೀರಿಕೊಂಡರು. ಎದೆಯ ಕಾಯಿಲೆ, ಮೊಣಕಾಲಿನದು ಏನೂ ತಪ್ಪಿರಲಿಲ್ಲ. ಸುದ್ದಿ ತಿಳಿದು ಮಾತಾಡಿಸಲು ಬಂದ ಮೂಡಲಗಿಯವರು ನಮ್ಮ ಮನೆಗೂ ಬಂದು ಕುಳಿತರು. ಚಹಾ ಕೊಟ್ಟೆ. ಚೆನ್ನಾಗಿ ಕುದಿಸಿದ್ದೆ.

"ಹೆಂಗೈತ್ರಿ? ಇದ್ದದ್ದು ಇದ್ದಂಗ ಹೇಳ್ರಿ."

ಅವರು ಒಂದು ಗುಟುಕು ಕುಡಿದರು. ಸದ್ದಿಲ್ಲದ ಗೋಡೆಯ ಕಡೆ ನೋಡಿದರು.

"ಸಕ್ಕರಿ ಭಾಳಾಗೇತ್ರಿ" ಎಂದರು. ಆಮೇಲೆ ಇಬ್ಬರೂ ಅತ್ತೆವು.