ನೂರ್ತೆನ್ ಎಣಿಸಿದ ಬೆಂಕಿಗಳು

ನಮ್ಮ ಬೆಟ್ಟದೂರು ಕುಜ್‌ಕಾಯಾದಲ್ಲಿ ಹುಟ್ಟಿ ವಿಜ್ಞಾನಿ ಅನ್ನಿಸಿಕೊಂಡವಳು ನೂರ್ತೆನ್ ಒಬ್ಬಳೇ. ಮರದ ಕಾಂಡ ಕೊಯ್ದು, ಒಳಗಿನ ಉಂಗುರ ನೋಡಿ, ಯಾವ ವರ್ಷ ಮಳೆ ಕೈಕೊಟ್ಟಿತು, ಯಾವ ವರ್ಷ ಬೆಂಕಿ ಬಿತ್ತು ಅಂತ ಹೇಳುವುದು ಅವಳ ಕೆಲಸ. "ಪಟ್ಟಣಕ್ಕೆ ಹೋಗಿ ಅಷ್ಟೆಲ್ಲ ಓದಿ ಬಂದು ಸೌದೆಗೆ ವಯಸ್ಸು ಕೇಳ್ತಾಳೆ ನೋಡ್ರಪ್ಪ" ಅಂತ ಸೋದರಮಾವ ಹಿದಾಯೆತ್ ಚಹಾ ಅಂಗಡಿಯಲ್ಲಿ ಆಡಿಕೊಂಡಿದ್ದೇ ಆಡಿಕೊಂಡಿದ್ದು. ಅವಳೇನು ಕಮ್ಮಿ ಹಟಮಾರಿಯೇ? ಕೂದಲು ನೆರೆಯುವ ತನಕ ಅದರಲ್ಲೇ ಕಣ್ಣು ಸವೆಸಿದಳು.

ಊರ ಮೇಲಿನ ಘಾಟಿಯ ಮುದಿ ಪೈನ್ ಮರಗಳೆಂದರೆ ಅವಳಿಗೆ ಪ್ರಾಣ. ಒಂದೊಂದರ ಬುಡದಲ್ಲೂ ಮಸಿ ಹಿಡಿದ ಪೊಟರೆ. ಗಾಳಿಗೆ ಬಿದ್ದ ಮರಗಳ ಬುಡ ಕೊಯ್ದು, ನುಣ್ಣಗೆ ಉಜ್ಜಿ ನೋಡಿದರೆ ಎಲ್ಲ ಮರದಲ್ಲೂ ಅದೇ ಅದೇ ವರ್ಷಗಳ ಉಂಗುರದಲ್ಲಿ ಗಾಯ. ಒಂದೇ ವರ್ಷ ಇಷ್ಟು ಮರಕ್ಕೆ ಗಾಯ ಮಾಡುವುದು ಬೆಂಕಿಯಲ್ಲದೆ ಇನ್ನೇನು? ಹತ್ತು ಹದಿನೈದು ವರ್ಷಕ್ಕೊಮ್ಮೆ ಇಲ್ಲಿ ನೆಲಬೆಂಕಿ ಹಾದುಹೋಗಿದೆ, ಮರಗಳು ತಡೆದುಕೊಂಡು ಬದುಕಿವೆ ಅಂತ ಬರೆದಳು. ಆಮೇಲೆ ಸುತ್ತಲ ಬೆಟ್ಟಗಳೆಲ್ಲ ಹೊತ್ತಿ ಉರಿದ ಆ ಕೆಟ್ಟ ಬೇಸಿಗೆ ಬಂತು. ಅರಣ್ಯದ ಅಧಿಕಾರಿ ತಾಜೆತ್ತಿನ್ ಅವಳನ್ನು ಹುಡುಕಿಕೊಂಡು ಬಂದ. ಚಳಿಗಾಲ ಕಳೆಯುವಾಗ ನಾವೇ ಸಣ್ಣಗೆ ಬೆಂಕಿಯಿಟ್ಟು ತರಗೆಲೆ ಸುಟ್ಟುಬಿಟ್ಟರೆ ಬೇಸಿಗೆಯ ಬೆಂಕಿಗೆ ಮೇವೇ ಇರುವುದಿಲ್ಲ, ಈ ಮರಗಳಿಗಂತೂ ಅಭ್ಯಾಸವಾಗಿದೆಯಲ್ಲ ಅಂದ. ಇವಳು ಹೂಂ ಅಂದಳು.

ಬೆಂಕಿಯಿಟ್ಟ ದಿನ ಬೆಳಿಗ್ಗೆ, ಮುದಿ ಮರಗಳ ಹತ್ತಿರ ಅದು ಬರುವಷ್ಟರಲ್ಲಿ ಬರುತ್ತೇನೆಂದು ತಾಜೆತ್ತಿನ್‌ಗೆ ಹೇಳಿ ನೂರ್ತೆನ್ ತನ್ನ ಅಮ್ಮ ಎಲ್ಮಾಸ್‌ಳ ಅಂಗಳದಲ್ಲಿ ತಿಂಡಿಗೆ ಕೂತಿದ್ದಳು. ಬೆಟ್ಟದ ಮೇಲೆ ತೆಳ್ಳಗೆ ಹೊಗೆ.

"ಅದ್ಸರಿ ಕಣಮ್ಮ, ನಿನ್ನ ಲೆಕ್ಕದಲ್ಲಿ ಈ ಕಾಡು ಕೊನೇ ಸಲ ಸುಟ್ಟಿದ್ದು ಯಾವಾಗ?" ಮಾವ ಚಹಾ ಹೀರುತ್ತ ಕೆಣಕಿದ.

"ಎಂಬತ್ತಾರರಲ್ಲಿ, ಮಾವ."

"ಎಂಬತ್ತಾರಾ? ಆಗ ನಾನೇನು ಸತ್ತಿದ್ನಾ?"

ಅಮ್ಮ ರೊಟ್ಟಿ ಮಡಚುತ್ತ ನಕ್ಕಳು. "ಅದು ನಮ್ಮ ಪೆರಿಹಾನ್ ಮದುವೆ ಆದ ವರ್ಷ ಕಣೇ. ಅಕ್ಕನ ದಿಬ್ಬಣದಲ್ಲಿ ನೀನೂ ದೊಂದಿ ಹಿಡ್ಕೊಂಡು ಓಡಿದ್ಯಲ್ಲೇ. ಬೆಟ್ಟ ಸುಟ್ಟಿದ್ರೆ ಯಾರಿಗೂ ನೆನಪಿರ್ತಿರ್ಲಿಲ್ವಾ?"

"ಅದಕ್ಕೂ ಮುಂಚೆ ಎಪ್ಪತ್ತೊಂದು." ನೂರ್ತೆನ್‌ಳ ದನಿ ಸಣ್ಣಗಾಗಿತ್ತು.

"ಅದು ಶೆರೀಫೆ ಅತ್ತೆ ಗಂಡನ ಮನೆಗೆ ಹೋದ ವರ್ಷ!" ಅಂದಳು ಅಮ್ಮ.

ನೂರ್ತೆನ್ ಕೈಯಲ್ಲಿದ್ದ ತುತ್ತು ಕೆಳಗಿಟ್ಟಳು. ಎರಡೂ ಮದುವೆಯ ವರ್ಷಗಳೇ. ಊರ ಹೆಣ್ಣು ಘಾಟಿಯಾಚೆಗೆ ಸೊಸೆಯಾಗಿ ಹೋಗುವಾಗ ಮಾತ್ರ, ಯಾವಾಗಲೋ ಒಮ್ಮೆ, ದಾರಿಯುದ್ದಕ್ಕೂ ದೊಂದಿ ಹಚ್ಚುತ್ತಿದ್ದರು. ರಸ್ತೆ, ಕರೆಂಟು ಬಂದಮೇಲೆ ಅದೂ ನಿಂತಿತು.

"ಮಾವ, ದೊಂದಿಗೆ ರಾಳದ ಚಕ್ಕೆ ಎಲ್ಲಿಂದ ತರ್ತಿದ್ರಿ?"

ಮಾವ ತಲೆ ಕೆರೆದುಕೊಂಡ. "ಅದನ್ನ ಹೆಂಗಸರಿಗೂ ಹೇಳ್ತಿರ್ಲಿಲ್ಲ. ಅರಣ್ಯದೋರ ಕಿವಿಗೆ ಬಿದ್ರೆ ದಂಡ ಜಡೀತಿದ್ರು. ಮೇಲೆ ಮನೆಗೊಂದು ಮರ ಅಂತ ಇತ್ತು. ಮದುವೆ ಬಂದಾಗ ಎಲ್ಲಾ ಮನೆಯೋರೂ ತಂತಮ್ಮ ಮರದ ಬುಡ ಕೆತ್ತೋರು. ಆಮೇಲೆ ಆ ಗಾಯಕ್ಕೆ ಒಂಚೂರು ಉರಿ ತೋರಿಸೋದು, ಮುಂದಿನ ಮದುವೆಗೆ ರಾಳ ತುಂಬ್ಕೊಳ್ಲಿ ಅಂತ. ಈಗಲೂ ತುಂಬಿರತ್ತೆ ಬಿಡು, ಒಂದು ಕಡ್ಡಿ ಗೀರಿದ್ರೆ ಸಾಕು..." ಹೇಳುತ್ತ ಹೇಳುತ್ತ ಅವನೇ ಬೆಟ್ಟದ ಕಡೆ ತಿರುಗಿದ.

ಗಂಡಸರ ಗುಟ್ಟಿಗಿಷ್ಟು! ಅದೇ ಊರಲ್ಲಿ ಹುಟ್ಟಿ, ಅದೇ ದೊಂದಿ ಹಿಡಿದು ಓಡಿದವಳಿಗೆ, ಆ ಚಕ್ಕೆ ಯಾವ ಮರದ್ದು ಅಂತ ಒಬ್ಬನೂ ಹೇಳಲಿಲ್ಲ. ಅವಳೂ ಕೇಳಲಿಲ್ಲ.

"ಅಯ್ಯೋ, ಏನು ಮಾಡ್ಬಿಟ್ಟೆ ನಾನು!" ಚಹಾ ಲೋಟ ಉರುಳಿತು. ತಾಜೆತ್ತಿನ್‌ಗೆ ಫೋನು ಹಚ್ಚಿದಳು, ಎತ್ತಲಿಲ್ಲ. ಕಾರು ಹತ್ತಿ ಘಾಟಿಯ ತಿರುವುಗಳಲ್ಲಿ ಅಳುತ್ತಲೇ ಓಡಿಸಿದಳು.

ಮೇಲೆ ಬೆಂಕಿ ಹೇಳಿದ ಮಾತು ಕೇಳುವಂತೆ ಪಾದದೆತ್ತರಕ್ಕೆ ತೆವಳುತ್ತಿತ್ತು. ತಾಜೆತ್ತಿನ್ ನಗುತ್ತ ಎದುರು ಬಂದ. "ಬನ್ನಿ ಮೇಡಂ, ಎಲ್ಲಾ ನೀವು ಬರೆದ ಹಾಗೇ ನಡೀತಿದೆ."

"ಆರಿಸಿ! ಈಗಲೇ ಆರಿಸಿ! ನಾನು ಬರೆದಿದ್ದು ತಪ್ಪು!"

ಅವನು ಏನು ಅನ್ನುವಷ್ಟರಲ್ಲಿ ಬೆಂಕಿ ಮೊದಲ ಮುದಿ ಮರದ ಪೊಟರೆ ಮುಟ್ಟಿತು. ಭುಗ್ಗೆಂದಿತು. ರಾಳ ಚಟಪಟ ಸಿಡಿಯುತ್ತ ಉರಿ ಕಾಂಡದ ಮೇಲೇರಿ ತಲೆ ಹಿಡಿಯಿತು. ಅದರ ಪಕ್ಕದ್ದು, ಅದರಾಚೆಯದು. ಅರಣ್ಯದ ಹುಡುಗರು ಪೈಪು ಎಳೆದರು, ಮಣ್ಣು ತೂರಿದರು, ಕೂಗಾಡಿದರು. ನೂರ್ತೆನ್ ತಾನೂ ಸಲಿಕೆ ಹಿಡಿದಳು. ಕೈ ಸುಟ್ಟಿದ್ದೂ ಗೊತ್ತಾಗಲಿಲ್ಲ.

ಸಂಜೆಗೆ ಕೆಳಗಿನ ಎಳೆ ಮರಗಳು ಉಳಿದಿದ್ದವು. ಮುದಿ ಮರಗಳಲ್ಲಿ ಒಂದೂ ಉಳಿಯಲಿಲ್ಲ. ತಾಜೆತ್ತಿನ್ ಮುಖದ ಮಸಿ ಒರೆಸಿಕೊಳ್ಳುತ್ತ ಅವಳ ಪಕ್ಕ ಕುಸಿದು ಕೂತ. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಹಾಗಾದ್ರೆ ಮೇಡಂ, ನಿಜವಾಗ್ಲೂ ಎಷ್ಟು ಸಲ ಬಿದ್ದಿದೆ ಈ ಕಾಡಿಗೆ ಬೆಂಕಿ?"

"ಒಂದೇ ಸಲ," ಅಂದಳು ನೂರ್ತೆನ್. "ಇವತ್ತು."