ಗಂಟು ಕಚ್ಚಿದ ಹಲ್ಲು

ನಿಜಾಮನ ಕಾಲದಲ್ಲಿ ಅಪ್ಪ ಲಿಂಗಸುಗೂರಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ. ಒಮ್ಮೆ ಹೈದರಾಬಾದಿಗೆ ಹೋದವನು ಟೂತ್‌ಪೇಸ್ಟಿನ ಟ್ಯೂಬು ತಂದ. ಕೂಸನ್ನು ಕಟ್ಟಿಕೊಂಡು ನಮ್ಮ ಮನೆಗೆ ಬಂದಿದ್ದ ತಂಗಿಗೆ, ಅಂದರೆ ನನ್ನ ಅತ್ತೆಗೆ, ಅದನ್ನು ತೋರಿಸಿದ.

“ಇದನ್ನ ಹಚ್ಚಿ ತಿಕ್ಕಬೇಕು ನೋಡವಾ. ಬರೇ ಕಡ್ಡಿ ಕಡಕೊಂತ ಕುಂತ್ರ ಹಲ್ಲು ಉಳಿಯಂಗಿಲ್ಲ.”

ಅತ್ತೆ ಒಂದಿಷ್ಟು ನಾಲಿಗೆಗೆ ಮುಟ್ಟಿಸಿ ನೋಡಿದಳು. “ಪೆಪ್ಪರಮೆಂಟ್ ಇದ್ದಂಗ ಐತಣ್ಣ. ಹುಡುಗ್ರಿಗೆ ಕೊಡು,” ಎಂದು ಬೇವಿನಕಡ್ಡಿ ಮುರಿಯಲು ಹಿತ್ತಲಿಗೆ ಹೋದಳು.

ಆ ವಾರವೇ ಅವಳನ್ನು ಸಂತೆಕಲ್ಲೂರಿಗೆ ಬಿಡಲು ಅಪ್ಪ ಬಂಡಿ ಹೂಡಿಸಿದ. ಹಟ ಹಿಡಿದು ನಾನೂ ಹತ್ತಿದೆ. ದಾರಿಯ ಹಳ್ಳದ ನಡುವೆ ಗಾಲಿ ಉಸುಕಿನಲ್ಲಿ ಹೂತಿತು. ಮೇಲೆಲ್ಲೋ ಮಳೆಯಾಗಿತ್ತು, ನೋಡುತ್ತಿದ್ದಂತೆ ಕೆಂಪು ನೀರು ಏರತೊಡಗಿತು. ಬಂಡಿ ಹೊಡೆಯುವವನು ಎತ್ತುಗಳನ್ನು ಬಿಡಿಸಿ ಅಟ್ಟಿದ. ಬಂಡಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ದಂಡೆಯ ಜಾಲಿಮರಕ್ಕೆ ಬಿಗಿದ.

ಅಪ್ಪ ನನ್ನನ್ನು ಹೆಗಲಿಗೇರಿಸಿಕೊಂಡ. “ಕೂಸಿನ್ನ ಹಿಡ್ಕೊಂಡು ಇಲ್ಲೇ ಕುಂದ್ರವಾ. ಇಕಿನ್ನ ಬಿಟ್ಟು ಬರ್ತೀನಿ.”

ನಾವು ದಂಡೆ ಮುಟ್ಟಿ ತಿರುಗಿದಾಗ ಬಂಡಿ ಒಂದು ಕಡೆ ವಾಲಿತ್ತು. ಅತ್ತೆ ಕಾಯಲಿಲ್ಲ. ಕೂಸನ್ನು ದುಪ್ಪಟಿಯಲ್ಲಿ ಸುತ್ತಿ, ಅದರ ಗಂಟನ್ನು ಬಾಯಲ್ಲಿ ಕಚ್ಚಿ, ಎರಡೂ ಕೈಯಿಂದ ಹಗ್ಗ ಹಿಡಿದು ನೀರಿಗಿಳಿದಿದ್ದಳು. ನೀರು ಸೊಂಟ ಮೀರಿತ್ತು. ಕೂಸು ಅವಳ ಗದ್ದದ ಕೆಳಗೆ ತೂಗುತ್ತಿತ್ತು. ಕೊರಳಿನ ನರಗಳು ಹುರಿಗೊಂಡಿದ್ದು ನನಗೆ ದಂಡೆಯಿಂದಲೇ ಕಾಣುತ್ತಿತ್ತು.

ಅಪ್ಪ ಎದುರು ಹೋಗಿ ಕೂಸಿನ ಅಡಿಗೆ ಕೈ ಕೊಟ್ಟ. “ಬಿಡವಾ, ಹಿಡಿದೀನಿ.” ಅವಳು ಬಿಡಲಿಲ್ಲ. ಒಣನೆಲ ಕಾಲಿಗೆ ತಾಗಿದ ಮೇಲೆಯೇ ಬಾಯಿ ತೆರೆದಳು. ತುಟಿ ಸೀಳಿ ರಕ್ತ ಬಂದಿತ್ತು. ಕೂಸು ಅಳುತ್ತಿತ್ತು, ಅದನ್ನು ಎದೆಗೆ ಹಚ್ಚಿಕೊಂಡು ಅಲ್ಲೇ ಕುಳಿತಳು.

“ಹಲ್ಲು ಅಲುಗ್ಯಾವೇನು?” ಅಪ್ಪ ಬಗ್ಗಿ ಅವಳ ಬಾಯಿ ನೋಡಿದ.

“ಇಲ್ಲಣ್ಣ. ದವಡಿ ನೋಯಾಕತ್ತೈತಿ.”

ಅಪ್ಪ ಮುಂದೆಯೂ ಪೇಸ್ಟಿನಿಂದಲೇ ಹಲ್ಲು ತಿಕ್ಕಿದ. ಆದರೆ ಅದಿಲ್ಲದಿದ್ದರೆ ಹಲ್ಲು ಉಳಿಯುವುದಿಲ್ಲವೆಂದು ಯಾರಿಗೂ ಹೇಳಲಿಲ್ಲ.

ಅಂದು ಸಂತೆಕಲ್ಲೂರು ಮುಟ್ಟಿದ ಮೇಲೂ ಅತ್ತೆಗೆ ರೊಟ್ಟಿ ಅಗಿಯಲು ಆಗಲಿಲ್ಲ. ಅಂಬಲಿ ಕುಡಿಯುತ್ತಿದ್ದವಳ ಮುಂದೆ ಕುಳಿತು, “ಹಲ್ಲು ತೋರಿಸತ್ತಿ,” ಎಂದು ಕಾಡಿದೆ. ನಕ್ಕು ಬಾಯಿ ತೆರೆದಳು. ಅವು ಬೆಳ್ಳಗಿರಲಿಲ್ಲ, ಬಿಳಿಜೋಳದ ಬಣ್ಣದವು. ಮುಂದಿನದೊಂದನ್ನು ಬೆರಳಿನಿಂದ ಮೆಲ್ಲಗೆ ಒತ್ತಿದೆ. ಗೋಡೆಯ ಕಲ್ಲನ್ನು ಒತ್ತಿದಂತಿತ್ತು.