ಹೆಸರಿಗೆ ಕೆಂಪು

ಮುನಿರ್ಕಾ ಬಡಾವಣೆಯಲ್ಲಿ ನಮ್ಮ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಹುಡುಗಿ ಪಿಎಚ್.ಡಿ. ಮಾಡುತ್ತಿದ್ದಳು. ಅವಳ ಲ್ಯಾಪ್‌ಟಾಪಿನಲ್ಲಿ ಬರೆದ ಇಂಗ್ಲಿಷಿಗೆಲ್ಲ ಯಾವುದೋ ಆ್ಯಪ್‌ನಿಂದ ತಾನಾಗಿ ಬಣ್ಣ ಬರುತ್ತಿತ್ತು. ಮನುಷ್ಯರ, ವಸ್ತುಗಳ ಹೆಸರುಗಳಿಗೆ ಕೆಂಪು, ಕೆಲಸ ಹೇಳುವ ಮಾತಿಗೆ ನೀಲಿ, "ತುಂಬಾ", "ಮೆಲ್ಲಗೆ" ಅನ್ನುವಂಥ ಒಗ್ಗರಣೆ ಮಾತಿಗೆ ಕಂದು. ಕಂದು ಕಂಡರೆ ಮೂಗು ಮುರಿದು, "ಇದು ದಂಡಪಿಂಡ, ಅಜ್ಜಿ" ಎಂದು ಅಳಿಸುತ್ತಿದ್ದಳು. ನನಗೆ ಇಂಗ್ಲಿಷ್ ಬಾರದು. ಬಣ್ಣ ಕಾಣುತ್ತದೆ.

ಒಂದು ದಿನ ತನ್ನ ಗೈಡ್ ಸರ್ ಮೇಲೆ ದೂರು ಬರೆದಳು. ಸಂಜೆ ಐದರೊಳಗೆ ವಿಶ್ವವಿದ್ಯಾಲಯದ ದೂರು ಸಮಿತಿಗೆ ಕಳಿಸಬೇಕಿತ್ತು. "ಬಹುಶಃ", "ಸ್ವಲ್ಪ" ಎಲ್ಲ ದಂಡಪಿಂಡವೆಂದು ತೆಗೆದು, ಉಳಿದದ್ದನ್ನು ಒಂದೊಂದೇ ಪದಕ್ಕೆ ಬೆರಳಿಟ್ಟು ನನಗೆ ಕನ್ನಡದಲ್ಲಿ ಹೇಳಿದಳು: "ಬಾಗಿಲು ಹಾಕಲಾಯಿತು. ನನ್ನ ಕೈ ಹಿಡಿಯಲಾಯಿತು."

"ಹಿಡಿದವನು ಯಾರೇ?"

"ಗೊತ್ತಲ್ಲ ಅಜ್ಜಿ, ಸರ್."

"ಬಾಗಿಲಿಗೆ ಕೆಂಪಿದೆ, ಕೈಗೆ ಕೆಂಪಿದೆ. ಅವನಿಗೆ ಯಾಕಿಲ್ಲ?"

"ಹೆಸರು ಹಾಕಿದರೆ ನನ್ನ ನಾಲ್ಕು ವರ್ಷದ ಓದು ಮುಗೀತು."

ಐದಕ್ಕೆ ಹತ್ತು ನಿಮಿಷವಿತ್ತು. ಉಗುರು ಕಚ್ಚಿದಳು. ಆಮೇಲೆ ಟೈಪ್ ಮಾಡಿದಳು. ಸಾಲಿನ ಮೊದಲಲ್ಲೇ ಅವನ ಹೆಸರು ಕೆಂಪಾಗಿ ಮೂಡಿತು. ಅವಳ ಬೆರಳು ಅಳಿಸುವ ಗುಂಡಿಯ ಮೇಲೆ ಹೋಗಿ ನಿಂತಿತು.

"ಇದೂ ದಂಡಪಿಂಡವೇನೇ?" ಎಂದೆ.

"ಅಲ್ಲ ಅಜ್ಜಿ" ಎಂದು ಕಳಿಸಿಯೇಬಿಟ್ಟಳು.